ಅಳತೆಗೆ ನಿಂತ ರುದ್ರಪ್ಪ

ಹೊಳಲ್ಕೆರೆಯ ನಮ್ಮ ಕಾಲೇಜಿನ ಹಿಂದಿನ ಬಯಲಿನಲ್ಲಿ ಆ ಮಧ್ಯಾಹ್ನ ಮೂವರಿದ್ದೆವು. ಹಸಿರು ಆವರಣ ಯೋಜನೆಯ ಹೊಣೆ ಹೊತ್ತ ರಸಾಯನಶಾಸ್ತ್ರದ ಮೇಷ್ಟ್ರು ನಾನು, ಆರಡಿ ಎತ್ತರದ ಆಟದ ಮೇಷ್ಟ್ರು ರುದ್ರಪ್ಪ, ಚಿಕ್ಕಜಾಜೂರಿನಿಂದ ರೈಲಿನಲ್ಲಿ ಕ್ಯಾಮೆರಾ ತಂದಿದ್ದ ಫೋಟೋದ ಬಾಷಾ. ಜೊತೆಗೊಂದು ಹೊಂಗೆ ಗಿಡ. ಆ ವರ್ಷ ಬೆಳೆಯಲು ಒಪ್ಪದೆ ನಮ್ಮನ್ನು ಅಲ್ಲಿ ಸೇರಿಸಿದ್ದು ಅದೇ.

ಹಣ ಕೊಡುವವರನ್ನು ಮೆಚ್ಚಿಸುವುದು ಬೀಗರನ್ನು ಮೆಚ್ಚಿಸುವುದಕ್ಕಿಂತ ಕಷ್ಟ. ಬೀಗರು ಬಂದು, ಉಂಡು, ಹೋದ ಮೇಲೆ ಆಡಿಕೊಳ್ಳುತ್ತಾರೆ. ಇವರು ಬರುವುದೂ ಇಲ್ಲ, ಉಣ್ಣುವುದೂ ಇಲ್ಲ, ಫೋಟೋ ಕೇಳುತ್ತಾರೆ. ನಮ್ಮ ಬೆಂಗಳೂರಿನ ದಾನಿಗಳ ನಿಯಮ ಒಂದೇ: ವರ್ಷಕ್ಕೊಮ್ಮೆ ಅದೇ ಗಿಡ, ಪಕ್ಕದಲ್ಲಿ ಅಳತೆಗೆ ಅದೇ ಮನುಷ್ಯ. ಗಿಡ ಏರಿದ್ದು ಕಾಣದಿದ್ದರೆ ಹಣವಿಲ್ಲ, ಹಣವಿಲ್ಲದಿದ್ದರೆ ಬೇಸಿಗೆಗೆ ಟ್ಯಾಂಕರ್ ಇಲ್ಲ, ಟ್ಯಾಂಕರ್ ಇಲ್ಲದಿದ್ದರೆ ಬಯಲಿನ ಗಿಡಗಳೆಲ್ಲ ಸೌದೆ. ಹೊಂಗೆಯನ್ನು ನೆಟ್ಟವನು ರುದ್ರಪ್ಪ. "ರಿಟೈರ್ ಆದ್ಮೇಲೆ ಇದರ ನೆಳ್ಳಾಗೆ ಕುಂತು ನಿಮ್ಮನ್ನೆಲ್ಲ ಆಡ್ಕೊಳ್ತೀನಿ" ಎನ್ನುತ್ತಿದ್ದ.

ಮಳೆ ಕೈಕೊಟ್ಟು ಗಿಡ ಹೋದ ವರ್ಷದಂತೆ ಅವನ ಭುಜಕ್ಕೇ ನಿಂತುಬಿಟ್ಟಿತ್ತು. ನಾನು ಪಕ್ಕದಲ್ಲೊಂದು ಗುಂಡಿ ತೆಗೆಸಿ, "ಒಂಚೂರು ಇಳಿಯಪ್ಪ" ಎಂದೆ.

"ಲೇ, ಅದು ಬೆಳೀಲಿಲ್ಲ ಅಂತ ನನ್ನನ್ನ ಕುಳ್ಳ ಮಾಡ್ತೀಯೇನಪ್ಪ? ಕುಳ್ಳ ಬೇಕಿದ್ರೆ ನೀನಿಲ್ವಾ?"

"ಅದೇ ಮನುಷ್ಯ ಇರ್ಬೇಕಂತೆ ಮಾರಾಯ."

ಮೊಣಕಾಲಿನಿಂದ ಮೇಲಷ್ಟೇ ತೆಗೆಯುವುದೆಂದು ಒಪ್ಪಿದ್ದ ಬಾಷಾ, "ನಗಬ್ಯಾಡ್ರಿ ಸಾರ್, ಗುಂಡೀಲಿ ನಿಂತೋರು ನಗಂಗಿಲ್ಲ" ಎಂದ. ರುದ್ರಪ್ಪ ನಕ್ಕೇಬಿಟ್ಟ. ದಾನಿಗಳು 'ಬೆಳವಣಿಗೆ ಸಮಾಧಾನಕರ' ಎಂದು ಬರೆದರು.

ಮರುವರ್ಷ ಮಳೆ ಬಂತು. ಗಿಡ ಏರಿತು, ರುದ್ರಪ್ಪ ಇಳಿಯತೊಡಗಿದ. ದಾವಣಗೆರೆಯಲ್ಲಿ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಬಂದವನು, ಬೇಡವೆಂದರೂ ಕೇಳದೆ, ಬೆನ್ನು ಬಾಗಿಸಿ ಹೊಂಗೆಯ ಪಕ್ಕ ನಿಂತ. "ಈ ಸಲ ಗುಂಡಿ ತೋಡೋ ಕೆಲಸ ಉಳೀತು ನೋಡು" ಎಂದ. ಬಾಷಾ ಕ್ಯಾಮೆರಾದ ಹಿಂದೆ ಮುಖವಿಟ್ಟುಕೊಂಡು ಬಹಳ ಹೊತ್ತು ಫೋಕಸ್ ಮಾಡಿದ. ದಾನಿಗಳು 'ಗಮನಾರ್ಹ ಪ್ರಗತಿ' ಎಂದರು.

ಅದರ ಮುಂದಿನ ಫೋಟೋದ ಹೊತ್ತಿಗೆ ಅವನಿರಲಿಲ್ಲ. ನಿಯಮ ಮುರಿಯಿತಲ್ಲ, ಅವನ ಗಿಡಕ್ಕೆ ಇನ್ನು ನೀರಿಲ್ಲ ಎಂದುಕೊಂಡೇ ಅವನ ಜಾಗದಲ್ಲಿ ನಾನು ನಿಂತೆ. ತುದಿಗಾಲಿನಲ್ಲಿ ನಿಂತರೂ ನನ್ನ ತಲೆ ಕೆಳಗಿನ ಕೊಂಬೆ ಮುಟ್ಟಲಿಲ್ಲ. 'ರುದ್ರಪ್ಪನವರು ತೀರಿಕೊಂಡರು, ಕ್ಷಮಿಸಿ, ಈ ಸಲ ಬೇರೆಯವರು ನಿಂತಿದ್ದಾರೆ' ಎಂದು ಬರೆದು ಕಳಿಸಿದೆ.

ಉತ್ತರ ಬೇಗ ಬಂತು. 'ಒಂದೇ ವರ್ಷದಲ್ಲಿ ಇಷ್ಟು ಎತ್ತರ! ಅಭಿನಂದನೆಗಳು. ಮುಂದೆಯೂ ತಪ್ಪದೆ ಇದೇ ಮನುಷ್ಯನನ್ನೇ ನಿಲ್ಲಿಸಿ.'

ಆ ಬೇಸಿಗೆ ಟ್ಯಾಂಕರ್ ಬಂತು. ಮೊದಲ ಕೊಡವನ್ನು ಹೊಂಗೆಯ ಬುಡಕ್ಕೆ ಸುರಿದು ನೆರಳಿನಲ್ಲಿ ಕುಳಿತೆ. ಆಡಿಕೊಳ್ಳಲು ಯಾರೂ ಬರಲಿಲ್ಲ.