ಎರಡು ಮಾಪಕ, ಒಂದು ಕೆಂಪು ಗುಂಡಿ

ಹಾವಿಗೆ ಹೆದರುವವನನ್ನು ಕಂಡು ಯಾರೂ ನಗುವುದಿಲ್ಲ. ಪಕ್ಕದ ಮನೆಯವರೂ ಬಂದು ಜೊತೆಗೆ ಹೆದರುತ್ತಾರೆ. ನನ್ನ ಹಣೆಬರಹ ಬೇರೆ. ನಾನು ಹೆದರುವುದು ತೊಗರಿ ಕಾಳಿನಷ್ಟೂ ಇಲ್ಲದ ಎರಡು ಚಿಪ್‌ಗಳಿಗೆ. ಚಿಕ್ಕಂದಿನಲ್ಲಿ ಸೋದರಮಾವನ ರೇಡಿಯೊ ನಾನು ಮುಟ್ಟಿದ ದಿನವೇ ಕೆಟ್ಟಿತು. ಮುಟ್ಟದಿದ್ದರೂ ಕೆಡುತ್ತಿತ್ತು ಎಂಬ ನನ್ನ ವಾದವನ್ನು ಮನೆಯಲ್ಲಿ ಇಂದಿಗೂ ಯಾರೂ ಒಪ್ಪಿಲ್ಲ.

ಶಹಾಪುರದ ಹತ್ತಿರ ಕಾಲುವೆ ಕಚೇರಿಯಲ್ಲಿ ನಾನು ಗುಮಾಸ್ತ. ನೀರಿನ ಮಟ್ಟ ನೋಡಿ, ಗೇಟ್ ಎತ್ತು, ಇಳಿಸು ಎಂದು ಗೇಟಿನ ಮಲ್ಲಪ್ಪನಿಗೆ ಫೋನು ಮಾಡುವುದು ನನ್ನ ಕೆಲಸ. ಈ ವರ್ಷ ಮೇಜಿನ ಮೇಲೆ ಒಂದು ಪೆಟ್ಟಿಗೆ ಬಂತು. ಗೇಟಿನ ಬಳಿ ಒಂದು ಮಾಪಕ, ಕಾಲುವೆಯ ಕೊನೆಗೆ ದೋರನಹಳ್ಳಿ ಕಡೆ ಇನ್ನೊಂದು. ಅವು ಕಳಿಸುವುದು ಐದು ವೋಲ್ಟ್. ಪೆಟ್ಟಿಗೆಯೊಳಗಿನ ಪುಟ್ಟ ಕಂಪ್ಯೂಟರ್ ಅಷ್ಟನ್ನು ತಡೆಯದು. ಒಂದು ಚಿಪ್ ಅದನ್ನು ತಗ್ಗಿಸಿ ಕೊಡುತ್ತದೆ. ಇನ್ನೊಂದು ಚಿಪ್, ಪೆಟ್ಟಿಗೆಯ ಮೇಲಿನ ಕೆಂಪು ಗುಂಡಿ ಒತ್ತಿದಂತೆಲ್ಲ, ಎರಡರಲ್ಲಿ ಒಂದು ಮಾಪಕವನ್ನಷ್ಟೇ ಪರದೆಗೆ ಬಿಡುತ್ತದೆ. ಇವು ತಿನ್ನುವ ಕರೆಂಟು ಲೆಕ್ಕಕ್ಕೇ ಇಲ್ಲ ಎಂದು ಪೆಟ್ಟಿಗೆ ಕೂರಿಸಲು ಬಂದ ಎಂಜಿನಿಯರರು ಮೆಚ್ಚಿಕೊಂಡರು. ಹೋಗುವಾಗ, ಪೆಟ್ಟಿಗೆ ಬಿಚ್ಚಿದರೆ ಮೊದಲು ಕಬ್ಬಿಣ ಮುಟ್ಟಿ, ಇಲ್ಲದಿದ್ದರೆ ಮೈಯೊಳಗಿನ ಕರೆಂಟಿಗೇ ಚಿಪ್ ಸುಟ್ಟುಹೋದೀತು ಎಂದರು. ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ.

ಅಂದಿನಿಂದ, ಮೈಗೆ ಉಜ್ಜಿ ಕರೆಂಟು ಹುಟ್ಟಿಸುವ ಟೆರಿಕಾಟ್ ಅಂಗಿ ಬಿಟ್ಟೆ. ಕಚೇರಿಯಲ್ಲಿ ಬರಿಗಾಲಲ್ಲಿ ಕುಳಿತೆ. ಕಸ ಹೊಡೆಯುವವಳು ಮೇಜಿನ ಹತ್ತಿರ ಬಂದರೆ ಎದ್ದು ಅಡ್ಡ ನಿಲ್ಲುತ್ತಿದ್ದೆ. ಊಟ ತಂದ ಹೆಂಡತಿ ಇದನ್ನೆಲ್ಲ ನೋಡಿ, "ತಿಂಥಣಿ ಮೌನೇಶ್ವರನ ಗದ್ದಗಿ ಮುಂದನೂ ಇಷ್ಟ ಮಡೀಲೆ ಕುಂತಿಲ್ಲ ನೀವು" ಎಂದಳು. ಗುಂಡಿಯನ್ನಂತೂ ನಾನು ಮುಟ್ಟಲೇ ಇಲ್ಲ. ಪರದೆಯ ಮೇಲೆ ಬರುತ್ತಿದ್ದುದು ಕೊನೆಯ ಮಾಪಕ ಒಂದೇ. ಗೇಟಿನ ಬಳಿಯ ಮಟ್ಟವನ್ನು ಅದಕ್ಕೆ ಅರ್ಧ ಅಡಿ ಕೂಡಿಸಿ ಅಂದಾಜಿನಲ್ಲಿ ಬರೆಯುತ್ತಿದ್ದೆ. ನೀರು ಮೇಲಿನಿಂದ ಕೆಳಕ್ಕೆ ತಾನೇ ಹರಿಯುವುದು ಎಂಬ ಧೈರ್ಯ.

ಒಂದು ಮಧ್ಯಾಹ್ನ ಕಾಲುವೆಯ ಕೊನೆಯಲ್ಲಿ ನೀರು ಇಳಿಯತೊಡಗಿತು. ಗೇಟ್ ಎತ್ತು ಎಂದೆ. ಮತ್ತೂ ಇಳಿಯಿತು. ಇನ್ನೂ ಎತ್ತು ಎಂದೆ. ಮೂರನೆಯ ಸಲ ಮಲ್ಲಪ್ಪನೇ ಫೋನು ಮಾಡಿದ. "ಸಾಹೇಬ್ರ, ನೀರ ಏರಿ ಮ್ಯಾಲ ಬರಾಕತ್ತಾವ್ರಿ. ಏರಿ ಒಡದ್ರ ಕೆಳಗ ಹತ್ತಿ ಹೊಲ, ಅದರಾಗ ಮಂದಿ ಹತ್ತಿ ಬಿಡಸಾಕತ್ತಾರ. ನಿಮ್ಮ ಪೆಟಗ್ಯಾಗ ಏನ ತೋರ್ಸತೈತಿ?"

ಪೆಟ್ಟಿಗೆ ಒಂದಡಿ ತೋರಿಸುತ್ತಿತ್ತು. ಮಲ್ಲಪ್ಪನ ಮಾತೇ ಸಾಕಿತ್ತು. ಆದರೆ ಪರದೆಗೆ ವಿರುದ್ಧವಾಗಿ ಗೇಟ್ ಇಳಿಸಿ, ನಾಳೆ ಮೇಲಿನವರು ಕೇಳಿದರೆ? ಹೊಲದಲ್ಲಿ ಜನ ಇರುವಾಗಲೂ ನಾನು ಯೋಚಿಸಿದ್ದು ಇದನ್ನು. ಹೇಳಲು ನಾಚಿಕೆಯಾಗುತ್ತದೆ. ಕಿಟಕಿಯ ಸರಳನ್ನು ಎಡಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಗುಂಡಿ ಒತ್ತಿದೆ. ಕಣ್ಣು ಬಿಟ್ಟರೆ ಗೇಟಿನ ಬಳಿ ಆರಡಿ. ಏರಿಯ ಎತ್ತರವೇ ಅಷ್ಟು. ಇಳಿಸು, ಇಳಿಸು ಎಂದು ಫೋನಿನಲ್ಲಿ ಕೂಗಿದೆ. ನಡುದಾರಿಯಲ್ಲಿ ರಸ್ತೆಯ ಕೆಳಗಿನ ಪೈಪಿಗೆ ಜಾಲಿಯ ಮುಳ್ಳುಕಂಟಿ ಸಿಕ್ಕಿ ನೀರು ಗೇಟಿನ ಕಡೆಯೇ ಕಟ್ಟಿಕೊಂಡಿತ್ತಂತೆ. ಏರಿ ಉಳಿಯಿತು, ಜನರೂ ಉಳಿದರು.

ಮರುದಿನ ಎಂಜಿನಿಯರರು ಬಂದರು. ಎಲ್ಲ ಒಪ್ಪಿಕೊಳ್ಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ನನ್ನ ಬೆನ್ನು ತಟ್ಟಿ, "ಸರಿಯಾದ ಟೈಮಿಗೆ ಸರಿಯಾದ ಮಾಪಕ ನೋಡೀರಿ. ಸುರಪುರ ಕಚೇರ್ಯಾಗ ಗುಂಡಿ ಮುಟ್ಟಾಕ ಅಂಜತಾರಂತ. ಸೋಮವಾರ ಹೋಗಿ ಒಂದೀಟು ಧೈರ್ಯ ಹೇಳಿ ಬರ್ರಿ" ಎಂದರು. ಬಾಗಿಲಲ್ಲಿ ನಿಂತಿದ್ದ ಮಲ್ಲಪ್ಪ ನನ್ನ ಬರಿಗಾಲನ್ನೇ ನೋಡುತ್ತಿದ್ದ. ಆಗಲಿ ಎಂದೆ, ಇಲ್ಲ ಎನ್ನುವುದಕ್ಕೂ ಧೈರ್ಯ ಬೇಕಲ್ಲ. ಅಲ್ಲಿನ ಪೆಟ್ಟಿಗೆಗೆ ನಾಲ್ಕು ಗುಂಡಿಗಳಿವೆಯಂತೆ.