ಕಂಬಕ್ಕೊರಗಿದ ಪಾಖರ್ ಸಿಂಗ್

ಇಡೀ ಸರ್ರೆ ಊರಿನ ರಾಜಕೀಯವನ್ನು ತಲೆಕೆಳಗು ಮಾಡಿದ್ದು ಒಂದು ಲೋಟ ಲಸ್ಸಿ. ಲೋಟ ಎಂದರೆ ಕಾಫಿ ಕುಡಿಯುವ ಲೋಟವಲ್ಲ. ನಸೀಬ್ ಕೌರಳ ಅಡುಗೆಮನೆಯ ಹಿತ್ತಾಳೆ ಲೋಟ. ಅದರಲ್ಲಿ ಎಮ್ಮೆಕರುವೊಂದನ್ನು ಇಳಿಬಿಟ್ಟರೆ, ಈಜಿಕೊಂಡು ಆಚೆ ದಡ ಸೇರುವ ಹೊತ್ತಿಗೆ ಅದು ಹಾಲು ಕೊಡುವ ಎಮ್ಮೆಯಾಗಿರುತ್ತಿತ್ತು. ಆ ಭಾನುವಾರ ಬೆಳಿಗ್ಗೆ ಅವಳ ಗಂಡ ಪಾಖರ್ ಸಿಂಗ್ ಐದು ಮೂಲಂಗಿ ಪರಾಠ ತಿಂದು, ಒಂದೊಂದರ ಮೇಲೂ ನಿಂಬೆಗಾತ್ರದ ಬೆಣ್ಣೆ ಕರಗಿಸಿ, ಕೊನೆಗೆ ಆ ಲೋಟವನ್ನು ಎತ್ತಿದವನು ತಳ ಕಾಣುವವರೆಗೆ ಇಳಿಸಲಿಲ್ಲ. ಆಗಲೇ ಅವನ ರೆಪ್ಪೆಗಳು ಒದ್ದೆ ಕಂಬಳಿಯಂತೆ ಜೋತುಬಿದ್ದವು. ಹೊರಗೆ ಮಂಜು. ಎದುರುಮನೆ, ಅದರ ಮುಂದಿನ ಟ್ರಕ್ಕು, ಅದರಾಚೆಯ ಬೆಟ್ಟ ಎಲ್ಲವೂ ಹಾಲಿನಲ್ಲಿ ಅದ್ದಿಟ್ಟಂತಿದ್ದವು.

ಪಾಖರ್ ಸಿಂಗನ ನಿದ್ದೆ ಸಾಮಾನ್ಯ ನಿದ್ದೆಯಲ್ಲ. ಮೂವತ್ತೆರಡು ವರ್ಷ ಮರ ಕೊಯ್ಯುವ ಮಿಲ್ಲಿನಲ್ಲಿ, ಕಿವಿ ಹರಿದುಹೋಗುವ ಗರಗಸದ ಪಕ್ಕ ನಿಂತುಕೊಂಡೇ ಪಳಗಿಸಿಕೊಂಡ ನಿದ್ದೆ ಅದು. ನಿವೃತ್ತನಾದ ಮೇಲೆ ಅದಕ್ಕೆ ಹಗಲೂ ಬಿಡುವು ಸಿಕ್ಕಿತ್ತು.

ಪಂಜಾಬಿನಿಂದ ವಲಸೆ ಬಂದು ಸರ್ರೆಯಲ್ಲಿ ನೆಲೆಸಿದ ಬಿಳಿಗಡ್ಡದವರಿಗೆಲ್ಲ ತಲೆಗೆ ಮೂರರಂತೆ ಅಭಿಪ್ರಾಯಗಳಿವೆ: ಚಂಡೀಗಢದ ಮೇಲೊಂದು, ದೆಹಲಿಯ ಮೇಲೊಂದು, ಒಟ್ಟಾವದ ಮೇಲೊಂದು. ಪಾರ್ಕಿನ ಚಪ್ಪರದಡಿ ಇಸ್ಪೀಟು ಹಂಚುತ್ತ ಅವರು ದಿನಕ್ಕೆರಡು ಸರ್ಕಾರ ಬೀಳಿಸುತ್ತಾರೆ. ಹುಟ್ಟಿದೂರಿನಲ್ಲಿ ಪಂಚಾಯಿತಿ ಚುನಾವಣೆ ಬಂದರೆ ಫೋನು ಹಚ್ಚಿ ತಮ್ಮನ ಮಗನಿಗೆ, ಅವನ ಹೆಂಡತಿಗೆ, ಕೊನೆಗೆ ಹಾಲಿನವನಿಗೂ ಯಾವ ಗುರುತಿಗೆ ಒತ್ತಬೇಕೆಂದು ಇಲ್ಲಿಂದಲೇ ಅಪ್ಪಣೆ ಕೊಡಿಸುತ್ತಾರೆ. ಅಂಥವರ ನಡುವೆ ಯಾವ ಅಭಿಪ್ರಾಯವೂ ಇಲ್ಲದೆ ನಿವೃತ್ತಿಯ ಹನ್ನೊಂದು ವರ್ಷ ಕಳೆದಿದ್ದ ಏಕೈಕ ಮನುಷ್ಯ ಪಾಖರ್ ಸಿಂಗ್.

ಆ ದಿನ ಮಾತ್ರ ಅಭಿಪ್ರಾಯವಿಲ್ಲದಿರುವುದೂ ಕಷ್ಟವಾಗಿತ್ತು. ಗುರುದ್ವಾರದ ಸಮಿತಿಗೆ ಹೊಸ ಅಧ್ಯಕ್ಷನನ್ನು ಆರಿಸುವ ಸಭೆ. ಒಂದು ಬಣಕ್ಕೆ ಮುಖಂಡ ಗುರ್ಮೇಜ್ ಸಿಂಗ್, ನಸೀಬ್ ಕೌರಳ ಖಾಸಾ ತಮ್ಮ. ಇನ್ನೊಂದಕ್ಕೆ ತರ್ಸೇಮ್ ಸಿಂಗ್, ಪಾಖರ್ ಸಿಂಗನ ಬೀಗ, ಮಗಳು ರವನೀತಳ ಮಾವ. ರವನೀತ್ ಹೆತ್ತು ಸವಾ ತಿಂಗಳು, ಎಂದರೆ ನಲವತ್ತು ದಿನದ ಬಾಣಂತನ, ಅಂದಿಗೆ ಮುಗಿದಿತ್ತು. ಪದ್ಧತಿಯಂತೆ ಆ ಸಂಜೆ ಮಗು ಮೊದಲ ಸಲ ತಾಯಿಯ ತವರಿಗೆ ಬಂದು ಎರಡು ತಿಂಗಳು ಇರಬೇಕಿತ್ತು. ಪಾಖರ್ ಸಿಂಗ್ ಜೀವನದಲ್ಲಿ ಆಸೆಪಟ್ಟಿದ್ದೇ ಕಡಿಮೆ. ಆದರೆ ಕಿಟಕಿ ಪಕ್ಕದ ಒರಗುಕುರ್ಚಿಯಲ್ಲಿ ಎದೆಯ ಮೇಲೆ ಮೊಮ್ಮಗಳನ್ನು ಮಲಗಿಸಿಕೊಂಡು, ಅವಳ ಉಸಿರಿಗೆ ತನ್ನ ಉಸಿರು ಹೊಂದಿಸಿ ಒಂದು ಮಧ್ಯಾಹ್ನ ನಿದ್ದೆ ಮಾಡಬೇಕೆಂದು ಸವಾ ತಿಂಗಳಿನಿಂದ ಕನಸು ಕಾಣುತ್ತಿದ್ದ.

"ನೋಡಿ," ಎಂದಳು ನಸೀಬ್ ಕೌರ್ ಲೋಟ ತೊಳೆಯುತ್ತ, "ನನ್ನ ತಮ್ಮನ ವಿರುದ್ಧ ಏನಾದ್ರೂ ಅಂದ್ರೆ ಅವನು ಈ ಹೊಸ್ತಿಲು ತುಳಿಯಲ್ಲ. ಆಮೇಲೆ ನಾನು ರಾಖಿನ ನಿಮ್ಮ ಕೈಗೇ ಕಟ್ಟಬೇಕಾಗುತ್ತೆ."

ಅಷ್ಟರಲ್ಲಿ ರವನೀತಳ ಫೋನು ಬಂತು. "ಪಾಪಾಜೀ, ಮಾವನ ವಿರುದ್ಧ ನಿಮ್ಮ ಬಾಯಿಂದ ಒಂದು ಅಕ್ಷರ ಬಂದ್ರೂ ಮಗೂನ ಕಳಿಸಲ್ವಂತೆ. ಸುಮ್ನೆ ಕೂತು ಸುಮ್ನೆ ಎದ್ದು ಬನ್ನಿ."

"ಸುಮ್ನೆ ಕೂರೋದು ತಾನೇ ಪುಟ್ಟಾ, ಅದಕ್ಕೆ ನನಗೆ ಪಾಠ ಬೇಕಾ?" ಎಂದ ಪಾಖರ್ ಸಿಂಗ್.

ಗುರುದ್ವಾರದ ಸಭಾಂಗಣದಲ್ಲಿ ಗಂಡಸರ ಕಡೆ ಹಿಂದಿನ ಸಾಲಿನಲ್ಲಿ ಒಂದು ದಪ್ಪ ಕಂಬ ಹುಡುಕಿ ಬೆನ್ನು ಕೊಟ್ಟು ಕೂತ. ಕೀರ್ತನೆ ಮುಗಿಯಿತು, ಅರ್ದಾಸ್ ಪ್ರಾರ್ಥನೆ ಮುಗಿಯಿತು, ಭಾಷಣ ಶುರುವಾಯಿತು. ಅಲ್ಲಿಯ ಭಾಷಣಗಳಿಗೆ ಒಂದು ದಾರಿಯಿದೆ: ಪಂಜಾಬಿನ ನದಿನೀರಿನಿಂದ ಹೊರಟು, ರೈತರ ಧರಣಿಯಲ್ಲಿ ತಂಗಿ, ಇಲ್ಲಿಗೆ ಓದಲು ಬಂದ ಮಕ್ಕಳ ವೀಸಾ ದಾಟಿ, ಮನೆಗಳ ಬೆಲೆಯನ್ನು ಮುಟ್ಟಿ, ಕೊನೆಗೆ ಗುರುದ್ವಾರದ ಹಿಂದೆ ಕಾರು ನಿಲ್ಲಿಸುವ ಜಾಗಕ್ಕೆ ಬಂದು ನಿಲ್ಲುತ್ತವೆ. ಮೊದಲ ಭಾಷಣಕಾರ ನದಿಗಿಳಿದವನು ಮುಕ್ಕಾಲು ಗಂಟೆ ಮೇಲೆ ಬರಲಿಲ್ಲ. ಕಂಬಳಿಯಂಥ ಕಾರ್ಪೆಟ್ಟು, ಬೆಚ್ಚನೆ ಗಾಳಿ, ಹೊಟ್ಟೆಯೊಳಗಿನ ಲಸ್ಸಿಸಮುದ್ರ. ಮೈಕಿನ ದನಿ ಜೇನಿನಂತೆ ಮಂದವಾಗುತ್ತ, ದೂರವಾಗುತ್ತ, ಕಬ್ಬಿನ ಗಾಣದ ಕಿರ್ರುಸದ್ದಾಯಿತು.

ಪಾಖರ್ ಸಿಂಗ್ ತನ್ನ ಹಳ್ಳಿಯ ಕಾಲುವೆ ಏರಿಯ ಮೇಲಿದ್ದ. ಎರಡೂ ಕಡೆ ಸಾಸಿವೆ ಹೂ ಆಕಾಶಕ್ಕೇ ಹಳದಿ ಬಳಿಯುತ್ತಿತ್ತು. ಬಿಸಿಬೆಲ್ಲದ ಹಬೆ. ಕಬ್ಬು ಹೇರಿದ ಟ್ರಾಲಿಯ ಚಕ್ರ ಕೆಸರಿನಲ್ಲಿ ಹೂತಿದೆ. ಕಬ್ಬಿನ ರಾಶಿಯ ತುದಿಯಲ್ಲಿ, ಹಕ್ಕಿಗೂಡಿನಲ್ಲಿಟ್ಟಂತೆ, ಅವನ ಮೊಮ್ಮಗಳು ಮಲಗಿದ್ದಾಳೆ. ನಲವತ್ತು ವರ್ಷದ ಹಿಂದೆ ತೀರಿಕೊಂಡ ಅಪ್ಪ ಕಂಬಳಿ ಹೊದ್ದು ಚಕ್ರಕ್ಕೆ ಹೆಗಲು ಕೊಟ್ಟು ನಿಂತಿದ್ದಾನೆ. ಊರಿಗೂರೇ ಹೆಗಲು ಕೊಟ್ಟಿದೆ. "ಕೂಗು ಪಾಖರಾ, ನೀನು ಕೂಗಿದ್ರೆ ಎಲ್ಲರೂ ಒಂದೇ ಸಲ ಎತ್ತಬಹುದು," ಎನ್ನುತ್ತಾನೆ ಅಪ್ಪ. ಪಾಖರ್ ಸಿಂಗ್ ಎದೆ ತುಂಬ ಉಸಿರೆಳೆದ.

ಇತ್ತ ಸಭೆಯಲ್ಲಿ ಕಾರ್ಯದರ್ಶಿ ಲಷ್ಕರ್ ಸಿಂಗ್ ಆಗಷ್ಟೇ ಹೇಳಿ ಮುಗಿಸಿದ್ದ: "ಅಧ್ಯಕ್ಷ ಸ್ಥಾನಕ್ಕೆ ಗುರ್ಮೇಜ್ ಸಿಂಗರ ಹೆಸರು ಬಂದಿದೆ. ಒಪ್ಪಿಗೆ ಇದ್ದವರು ಜಯಕಾರ ಹಾಕಬಹುದು."

"ಬೋಲೇ ಸೋ ನಿಹಾಲ್..."

ಆ ಕೂಗಿಗೆ ತೂಗುದೀಪಗಳು ತೂಗಾಡಿದವು. ಎರಡು ಬೀದಿ ಆಚೆ ಒಂದು ಕಾರು ತಾನಾಗಿಯೇ ಅಲಾರಂ ಹೊಡೆದುಕೊಂಡಿತು. ಈ ಕೂಗಿನ ಮೊದಲರ್ಧ ಕಿವಿಗೆ ಬಿದ್ದರೆ ಉಳಿದರ್ಧ ಕೂಗದೆ ಇರುವ ಸಿಖ್ಖ ಇನ್ನೂ ಹುಟ್ಟಿಲ್ಲ. "ಸತ್ ಶ್ರೀ ಅಕಾಲ್" ಎಂದು ಸಾವಿರ ಗಂಟಲು ಒಟ್ಟಿಗೆ ಮೊಳಗಿದವು. ಅದರಲ್ಲಿ ಗುರ್ಮೇಜನ ವಿರೋಧಿಗಳೂ ಇದ್ದರು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ತರ್ಸೇಮ್ ಸಿಂಗ್. ಕೂಗಿ ಬಾಯಿ ಮುಚ್ಚಿದ ಮೇಲೆ ಅವನಿಗೆ ತಾನು ಯಾವುದಕ್ಕೆ ಒಪ್ಪಿದೆ ಎಂಬುದು ಹೊಳೆಯಿತು.

"ಸರ್ವಾನುಮತ," ಎಂದು ಲಷ್ಕರ್ ಸಿಂಗ್ ಬರೆದುಕೊಂಡ.

ಕಣ್ಣು ಬಿಟ್ಟ ಪಾಖರ್ ಸಿಂಗನಿಗೆ ಟ್ರಾಲಿ ಕಾಣಲಿಲ್ಲ. ಸಾವಿರ ಪೇಟಗಳು ತನ್ನತ್ತ ತಿರುಗಿದ್ದು ಕಂಡಿತು. ಹೆಂಗಸರ ಕಡೆಯಿಂದ ನಸೀಬ್ ಕೌರ್ ಹಣೆಗೆ ಕೈ ಹಚ್ಚಿ ನೋಡುತ್ತಿದ್ದಳು. ತರ್ಸೇಮ್ ಸಿಂಗ್ ಮೊಣಕಾಲೂರಿಕೊಂಡೇ ಪಕ್ಕಕ್ಕೆ ಸರಿದು ಬಂದ.

"ಬೀಗರೇ, ಚೆನ್ನಾಗಿತ್ತು ನಿಮ್ಮ ಗಂಟಲು. ಮಗು ಕೂರೋ ಸೀಟನ್ನ ಬೆಳಿಗ್ಗೇನೇ ಕಾರಿಗೆ ಕಟ್ಟಿಟ್ಟಿದ್ದೆ. ಈಗ ಹೋಗಿ ಬಿಚ್ತೀನಿ."

"ತರ್ಸೇಮ್ ಸಿಂಗ್‌ಜೀ, ನಾನು..." ಎಂದ ಪಾಖರ್ ಸಿಂಗ್. ನಿದ್ದೆ ಬಂದಿತ್ತು ಎಂದು ಹೇಳುವುದು ಹೇಗೆ? ಗುರುವಿನ ಸನ್ನಿಧಿಯಲ್ಲಿ, ಭಕ್ತರು ತುಂಬಿದ ಸಂಗತ್ತಿನಲ್ಲಿ ಗೊರಕೆ ಹೊಡೆದೆ ಎಂದು ಯಾವ ಮುಖದಲ್ಲಿ ಒಪ್ಪಿಕೊಳ್ಳುವುದು?

"ಸಂಗತ್ತಿನಲ್ಲಿ ಇನ್ನು ಯಾರಿಗಾದರೂ ಹೇಳುವುದಿದೆಯೇ?" ಎಂದು ಲಷ್ಕರ್ ಸಿಂಗ್ ಪುಸ್ತಕ ಮುಚ್ಚುವವನಿದ್ದ. ಕಾರಿನಿಂದ ಇಳಿಯುತ್ತಿರುವ ಪುಟ್ಟ ಸೀಟು ಪಾಖರ್ ಸಿಂಗನ ಕಣ್ಣಿಗೆ ಕಟ್ಟಿತು. ಎದ್ದು ನಿಂತ. ಹನ್ನೊಂದು ವರ್ಷದಲ್ಲಿ ಅವನು ಸಭೆಯಲ್ಲಿ ಎದ್ದದ್ದು ಇದೇ ಮೊದಲು.

"ತರ್ಸೇಮ್ ಸಿಂಗರೂ ಅಧ್ಯಕ್ಷರಾಗ್ಲಿ," ಎಂದವನೇ, ಈ ಸಲ ಪೂರ್ತಿ ಎಚ್ಚರವಾಗಿದ್ದುಕೊಂಡು, ಮತ್ತೊಮ್ಮೆ ಕೂಗಿಬಿಟ್ಟ.

"ಸತ್ ಶ್ರೀ ಅಕಾಲ್" ಎಂದಿತು ಸಭೆ. ಗುರ್ಮೇಜನೂ ಎಂದ. ಅನ್ನದೆ ಏನು ಮಾಡುತ್ತಾನೆ?

ಲಷ್ಕರ್ ಸಿಂಗ್ ಲೇಖನಿ ಕಚ್ಚಿಕೊಂಡು ಕೂತ. ಒಂದು ಕುರ್ಚಿ, ಇಬ್ಬರು ಅಧ್ಯಕ್ಷರು, ಇಬ್ಬರೂ ಸರ್ವಾನುಮತದವರು. ಚಪ್ಪಲಿ ಬಿಡುವ ಕೋಣೆಯಲ್ಲಿ ಗುರ್ಮೇಜ್ ಅಡ್ಡ ಬಂದ.

"ಜೀಜಾಜೀ, ಒಂದು ಕೈಯಲ್ಲಿ ಎತ್ತಿದ್ರಿ, ಇನ್ನೊಂದು ಕೈಯಲ್ಲಿ ಕೆಡವಿದ್ರಿ. ನಮ್ಮಕ್ಕನಿಗೆ ಹೇಳಿಬಿಡಿ, ಅವಳಿಗೆ ತಮ್ಮ ಇದ್ದ ಅಂತ."

"ಇದ್ದಾನೆ ಅಂತ ಹೇಳು ಗುರ್ಮೇಜ್, ಇದ್ದ ಅನ್ನಬೇಡ," ಎಂದ ಪಾಖರ್ ಸಿಂಗ್. ಹೇಳುವಾಗಲೇ ಇನ್ನೊಬ್ಬರ ಬೂಟಿಗೆ ಕಾಲು ತೂರಿಸಿದ್ದ.

ಮನೆಗೆ ಹೋಗುವಾಗ ಕಾರು ನಡೆಸಿದ್ದು ನಸೀಬ್ ಕೌರ್. ಹೊರಟವಳೇ ರೇಡಿಯೋ ಹಾಕಿದಳು. ಕೇಳುಗರು ಫೋನು ಮಾಡಿ ಜಗತ್ತನ್ನು ತಿದ್ದುವ ಭಾನುವಾರದ ಕಾರ್ಯಕ್ರಮ. ಸುದ್ದಿ ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

"ಭಾಜೀ, ಈ ಪಾಖರ್ ಸಿಂಗ್ ದೆಹಲಿಯವರ ಮನುಷ್ಯ," ಎಂದ ಮೊದಲನೆಯವನು. "ನಮ್ಮನ್ನ ಇಬ್ಭಾಗ ಮಾಡೋದೇ ಅವರ ಕೆಲಸ. ಹನ್ನೊಂದು ವರ್ಷ ಬಾಯಿಬಿಡದೆ ಕೂತಿದ್ದನಂತೆ. ಅಷ್ಟು ಟ್ರೇನಿಂಗ್ ಬೇರೆ ಯಾರು ಕೊಡ್ತಾರೆ?"

"ತಪ್ಪು," ಎಂದಳು ಅಬಟ್ಸ್‌ಫರ್ಡಿನ ಒಬ್ಬ ಅಜ್ಜಿ. "ಒಟ್ಟಾವದವರ ಕೈವಾಡ. ಚುನಾವಣೆ ಹತ್ರ ಬಂತಲ್ಲ, ನಾವು ಒಂದಾಗಿದ್ರೆ ಅವರಿಗೆ ಭಯ."

ಗಡಿಯಾಚೆಯ ಯೂಬಾ ಸಿಟಿಯ ಪೀಚ್ ತೋಟದಿಂದ ಒಬ್ಬ, ಇದರ ಹಿಂದೆ ಅಮೆರಿಕ ಇದೆ ಎಂದು ಆಣೆಯಿಟ್ಟ. ಮನೆ ಬರುವ ಹೊತ್ತಿಗೆ ಪಾಖರ್ ಸಿಂಗ್ ಐದು ಸರ್ಕಾರಗಳ ಗೂಢಚಾರನಾಗಿದ್ದ. ಮಂಜಿನಲ್ಲಿ ತೇಲುವ ಕಾರುಗಳ ದೀಪಗಳನ್ನು ನೋಡುತ್ತ, ಇದೂ ಕನಸೇ ಇರಬಹುದೇ ಎಂದು ತನ್ನ ಗಡ್ಡ ಜಗ್ಗಿ ನೋಡಿಕೊಂಡ. ನೋವಾಯಿತು.

ಒರಗುಕುರ್ಚಿಯ ಪಕ್ಕ ಮಗುವಿಗೆಂದು ತಂದಿಟ್ಟ ಹೊಸ ಕಂಬಳಿಯಿತ್ತು, ಹಳದಿಯದು. ಅದರ ಮೇಲೆ ಕೈಯಾಡಿಸಿದ. ಮರ್ಯಾದೆ ಹೋದರೆ ಹೋಗಲಿ, ಎಂದುಕೊಂಡ. ಇಬ್ಬರಲ್ಲಿ ಯಾರ ಪಕ್ಷ ಹಿಡಿದೂ ಕೂಗಿಲ್ಲವೆಂದು ಗೊತ್ತಾದರೆ ಯಾರಿಗೂ ಸಿಟ್ಟಿರುವುದಿಲ್ಲ, ಮಗು ಬರುತ್ತದೆ. ಅಡುಗೆಮನೆಯ ಫೋನು ಎತ್ತಿ ರೇಡಿಯೋಗೆ ಕರೆ ಹಚ್ಚಿದ.

"ನಾನು ಪಾಖರ್ ಸಿಂಗ್. ಸತ್ಯ ಹೇಳ್ತೀನಿ ಭಾಜೀ. ನನಗೆ ನಿದ್ದೆ ಬಂದಿತ್ತು. ಕನಸಲ್ಲಿ ಟ್ರಾಲಿ ಎತ್ತೋಕೆ ಕೂಗಿದೆ. ಎರಡನೇ ಸಲ ಕೂಗಿದ್ದು ಬೀಗರಿಗೆ ಬೇಜಾರಾಗಬಾರದು ಅಂತ. ದೆಹಲಿ, ಒಟ್ಟಾವ ಯಾರೂ ನನ್ನ ಹತ್ರ ಬಂದಿಲ್ಲ. ಸಂಗತ್ತು ಕ್ಷಮಿಸಬೇಕು."

ಆ ಸ್ಟೇಷನ್ನಿನ ಚರಿತ್ರೆಯಲ್ಲೇ ಕ್ಷಮೆ ಕೇಳಿ ಯಾರೂ ಫೋನು ಮಾಡಿರಲಿಲ್ಲ.

"ಪಾಖರ್ ಸಿಂಗ್‌ಜೀ," ಎಂದ ನಿರೂಪಕ, "ಇಪ್ಪತ್ತು ವರ್ಷದಿಂದ ಮಂತ್ರಿಗಳನ್ನ ಮಾತಾಡಿಸ್ತಿದೀನಿ. ಇಷ್ಟು ಮುಗ್ಧವಾಗಿ ಸುಳ್ಳು ಹೇಳೋರನ್ನ ನೋಡಿಲ್ಲ."

ಫೋನು ಮಾಡಿದವರೆಲ್ಲ ಅದನ್ನೇ ಅಂದರು. ಮಲಗಿದವನು ಸರಿಯಾಗಿ ಹೆಸರು ಮುಗಿದ ಕ್ಷಣಕ್ಕೆ ಹೇಗೆ ಕೂಗುತ್ತಾನೆ? ಟ್ರಾಲಿಯಂತೆ, ಕಬ್ಬಂತೆ. ದೆಹಲಿಯವರ ಮನುಷ್ಯ ಎಂದಿದ್ದ ಮೊದಲನೆಯವನು ಮತ್ತೆ ಫೋನು ಮಾಡಿ, "ಯಾರ ಮನುಷ್ಯನೋ ಗೊತ್ತಿಲ್ಲ, ಆದ್ರೆ ಮನುಷ್ಯ ಅಂದ್ರೆ ಇವನು," ಎಂದು ಶರಣಾದ. ಪಾಖರ್ ಸಿಂಗ್ ರೇಡಿಯೋ ಆರಿಸಿ, ಹಳದಿ ಕಂಬಳಿಯನ್ನು ಮಡಿಚಿ ಬೀರುವಿನಲ್ಲಿಟ್ಟ.

ನಾಲ್ಕು ಗಂಟೆಗೆ ಬಾಗಿಲ ಕರೆಗಂಟೆ ಮೊಳಗಿತು. ಮೆಟ್ಟಿಲ ಮೇಲೆ ಗುರ್ಮೇಜ್ ಮತ್ತು ತರ್ಸೇಮ್, ಭುಜಕ್ಕೆ ಭುಜ ತಾಗಿಸಿ. ಹಿಂದೆ ಲಷ್ಕರ್ ಸಿಂಗ್. ಅವನ ಹಿಂದೆ, ಮಂಜಿನಿಂದ ಒಡಮೂಡಿದಂತೆ, ರವನೀತ್. ಅವಳ ತೋಳಿನಲ್ಲಿ ಮಗು.

ತರ್ಸೇಮ್ ಸಿಂಗ್ ತಾನೇ ಮಗುವನ್ನು ಎತ್ತಿ ಪಾಖರ್ ಸಿಂಗನಿಗೆ ಕೊಟ್ಟ. "ಬೀಗರೇ, ನಿಮ್ಮನ್ನ ಅರ್ಥ ಮಾಡ್ಕೊಳ್ಳೋಕೆ ನಮಗೆ ಇಷ್ಟು ವರ್ಷ ಬೇಕಾಯ್ತು."

"ಜೀಜಾಜೀ, ನಾವಿಬ್ಬರೂ ಹಿಂದೆ ಸರಿದ್ವಿ. ಅಧ್ಯಕ್ಷರು ನೀವೇ," ಎಂದ ಗುರ್ಮೇಜ್.

"ನಾನಾ? ಯಾಕೆ?"

"ಪ್ರತಿ ಚುನಾವಣೇಲೂ ಎಲ್ಲಾ ಪಾರ್ಟಿಯವರೂ ತಲೆಗೆ ಬಟ್ಟೆ ಕಟ್ಕೊಂಡು ಬರ್ತಾರೆ, ಲಂಗರಿನ ಅಡುಗೆಮನೇಲಿ ಒಂದು ರೊಟ್ಟಿ ಲಟ್ಟಿಸಿ ಫೋಟೋ ತೆಗೆಸ್ಕೊಂಡು, ಸುಳ್ಳು ಹೇಳಿ ಹೋಗ್ತಾರೆ. ನಾವು ಉತ್ತರ ಕೊಡೋಕೆ ಹೋದ್ರೆ ಮುಖದಲ್ಲೇ ಎಲ್ಲಾ ಗೊತ್ತಾಗ್ಬಿಡುತ್ತೆ. ಅವರಿಗೆ ಸಮನಾಗಿ ಕೂರೋ ಒಬ್ಬ ಸುಳ್ಳುಗಾರ ಇಡೀ ಸಂಗತ್ತಿನಲ್ಲಿ ಸಿಕ್ಕಿರಲಿಲ್ಲ."

"ನಾನು ಹೇಳಿದ್ದು ನಿಜ ಕಣೋ," ಎಂದ ಪಾಖರ್ ಸಿಂಗ್.

ಗುರ್ಮೇಜ್ ತರ್ಸೇಮನ ಕಡೆ ತಿರುಗಿದ. "ನೋಡಿದ್ರಾ? ರೆಪ್ಪೆ ಸಹ ಅಲುಗಲಿಲ್ಲ."

ವಾದಿಸುವ ಶಕ್ತಿ ಪಾಖರ್ ಸಿಂಗನಲ್ಲಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮಗು ಬಂದಿತ್ತಲ್ಲ. ಒರಗುಕುರ್ಚಿಗೆ ಜಾರಿ, ಅವಳನ್ನು ಎದೆಯ ಮೇಲೆ ಮಲಗಿಸಿಕೊಂಡ. ಹಾಲು, ಸೋಂಪು, ಹೊಸ ಹತ್ತಿಯ ವಾಸನೆ. ಬೆಕ್ಕಿನಮರಿಯಷ್ಟು ಭಾರ. ಕಿಟಕಿಯಲ್ಲಿ ಮಂಜು ನಸುಗೆಂಪಾಗುತ್ತಿತ್ತು. ನಿದ್ದೆ ದೋಣಿಯಂತೆ ಸದ್ದಿಲ್ಲದೆ ದಡಕ್ಕೆ ಬಂದು ನಿಂತಿತು. ಅವನು ಒಂದು ಕಾಲು ಒಳಗಿಟ್ಟ.

ಭುಜದ ಮೇಲೆ ತರ್ಸೇಮನ ಕೈ ಬಿತ್ತು. "ಬೀಗರೇ, ಕಣ್ಣು."

"ಏನು?"

"ಕಣ್ಣು ಮುಚ್ಚಬೇಡಿ. ಊರವರೆಲ್ಲ ಅಭಿನಂದನೆ ಹೇಳೋಕೆ ಬರ್ತಿದಾರೆ. ನೀವು ಕೂತಲ್ಲೇ ಮಲಗೋದನ್ನ ಯಾರಾದ್ರೂ ನೋಡಿದ್ರೆ, ರೇಡಿಯೋದಲ್ಲಿ ಹೇಳಿದ್ದು ನಿಜ ಅಂತ ಗೊತ್ತಾಗಿಬಿಡುತ್ತೆ. ಆಮೇಲೆ ನಿಮ್ಮ ಬೆಲೆ ಏನು, ನಿಮ್ಮನ್ನ ಆರಿಸಿದ ನಮ್ಮ ಬೆಲೆ ಏನು? ಅಧ್ಯಕ್ಷರಾಗಿರೋವಷ್ಟು ದಿನ ಹಗಲು ನಿದ್ದೆ ಇಲ್ಲ."

"ಎಷ್ಟು ದಿನ?"

"ಎರಡೇ ವರ್ಷ," ಎಂದ ಲಷ್ಕರ್ ಸಿಂಗ್.

ನಸೀಬ್ ಕೌರ್ ಎದುರಿಗೆ ಒಂದು ಪುಟ್ಟ ಸ್ಟೂಲು ಎಳೆದುಕೊಂಡು ಕೂತಳು, ಗಂಡನ ಕಣ್ಣಿಗೇ ಕಣ್ಣು ನೆಟ್ಟು. ಹೊರಗೆ ಕಾರುಗಳ ಬಾಗಿಲು ಒಂದಾದ ಮೇಲೊಂದು ಬಡಿದುಕೊಂಡವು. ಎದೆಯ ಮೇಲಿದ್ದ ಮೊಮ್ಮಗಳು ಗುಲಾಬಿ ಬಾಯಿಯನ್ನು ಅಗಲವಾಗಿ ತೆರೆದು, ಮೈಯನ್ನೆಲ್ಲ ನಡುಗಿಸಿ, ಜಗತ್ತಿಗೇ ಹಂಚುವಷ್ಟು ದೊಡ್ಡದಾಗಿ ಆಕಳಿಸಿ ಮಲಗಿಬಿಟ್ಟಳು. ಪಾಖರ್ ಸಿಂಗ್ ಹಲ್ಲು ಕಚ್ಚಿ, ತನ್ನ ಪಾಲಿನ ಆಕಳಿಕೆಯನ್ನು ನುಂಗಿ, ಒಳಬಂದ ಮೊದಲನೆಯವನಿಗೆ ಎರಡೂ ಕಣ್ಣು ಅರಳಿಸಿ ನಕ್ಕ.