ಹನ್ನೊಂದನೇ ಕೋಣೆಯ ಲಟ್ಟಣಿಗೆ

ಕಳೆದ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ, ಇಂದಾಪುರದ ಒಂದು ಲಾಡ್ಜಿನ ಹನ್ನೊಂದನೇ ಕೋಣೆಯ ಕೀಲಿಕೈ ಪುಣೆಯ ಯೆರವಡಾದಲ್ಲಿರುವ ನಮ್ಮ ಮನೆಯ ಅಡುಗೆಮನೆಯಲ್ಲಿ ಪತ್ತೆಯಾಯಿತು. ಅದಕ್ಕೆ ಕಟ್ಟಿದ್ದ ಲಟ್ಟಣಿಗೆಯೂ ಅಲ್ಲೇ ಸಿಕ್ಕಿತು. ಸಿಕ್ಕುವ ಹೊತ್ತಿಗೆ ಅದರಿಂದ ಚಪಾತಿ ಲಟ್ಟಿಸಿ, ಬೇಯಿಸಿ, ತಿಂದೂ ಆಗಿತ್ತು.

ಸುದ್ದಿಮನೆಯಲ್ಲಿ ಬಹುಕಾಲ ದುಡಿದವನಾದ್ದರಿಂದ ಹೀಗೆ ಆರಂಭಿಸಿದ್ದೇನೆ. ಏನಾಯಿತು ಎಂಬುದನ್ನು ಮೊದಲ ಪ್ಯಾರಾದಲ್ಲೇ ಹೇಳಿಬಿಡಬೇಕು, ಹೇಗಾಯಿತು ಎಂಬುದನ್ನು ಆಮೇಲೆ ವಿವರಿಸಬೇಕು ಎಂದು ನಮಗೆ ಕಲಿಸಿದ್ದರು. ಯಾರಿಂದ ಆಯಿತು ಎಂಬುದನ್ನು ನಾನು ಕೊನೆಯ ಭಾಗಕ್ಕೆ ಇಟ್ಟುಕೊಂಡಿದ್ದೇನೆ. ಅದಕ್ಕೂ ಕಾರಣವಿದೆ. ಜಾಗ ಸಾಲದೆ ಹೋದಾಗ ಪುಟ ಕಟ್ಟುವವರು ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತಾರೆ.

ನನಗೊಂದು ಚಟವಿದೆ. ಪ್ರವಾಸ ಹೋದಾಗ ಜನ ಕೋಟೆ, ಗುಡಿ, ಗುಡ್ಡ ನೋಡುತ್ತಾರೆ. ನಾನು ಚಿಲಕ ನೋಡುತ್ತೇನೆ. ಯಾರೋ ಹೆಸರಿಲ್ಲದ ಪುಣ್ಯಾತ್ಮರು ಒಂದು ಸಣ್ಣ ಕಿರಿಕಿರಿಗೆ ಕಂಡುಕೊಂಡ ಸಣ್ಣ ಉಪಾಯ ಎಲ್ಲಿ ಕಂಡರೂ ನಿಂತು ಫೋಟೊ ತೆಗೆಯುತ್ತೇನೆ. ಗಿರಾಕಿಗಳು ಒಯ್ಯದಿರಲೆಂದು ಕನ್ನಡಿಗೆ ಸರಪಳಿಯಲ್ಲಿ ಕಟ್ಟಿಹಾಕಿದ ಬಾಚಣಿಗೆ, ಒಳಗಿನವರು ಸ್ನಾನ ಮುಗಿಸದಿದ್ದರೆ ಹೊರಗಿನವರು ಆರಿಸಲಿ ಎಂದು ಬಚ್ಚಲಿನ ಆಚೆ ಇಟ್ಟ ಗೀಸರಿನ ಸ್ವಿಚ್ಚು, ಹಳೆಯ ಎಸ್.ಟಿ. ಬಸ್ಸಿನಲ್ಲಿ ಕಂಡಕ್ಟರು ಎಲ್ಲಿ ನಿಂತರೂ ಕೈಗೆ ಸಿಗುವ ಹಾಗೆ ಮಾಡಿನುದ್ದಕ್ಕೂ ಎಳೆದ ಗಂಟೆಯ ಹಗ್ಗ, ಇವೆಲ್ಲ ನನ್ನ ಫೋನಿನಲ್ಲಿವೆ. ನಮ್ಮ ಮನೆಯ ಹತ್ತಿರ ಕುಂದಾಪುರದ ಕಡೆಯವರೊಬ್ಬರ ಹೋಟೆಲಿದೆ. ಅಲ್ಲಿ ಕೂರಲು ಇರುವುದು ಬೆನ್ನಿಲ್ಲದ ಸ್ಟೂಲುಗಳು. ಯಾಕೆಂದು ಕೇಳಿದಾಗ ಮಾಲೀಕರು ನನ್ನ ಕೈಯಲ್ಲಿದ್ದ ಪತ್ರಿಕೆಯನ್ನೇ ನೋಡುತ್ತ, "ಒರಗ್ಲಿಕ್ಕೆ ಕೊಟ್ರೆ ಕೆಲವರು ಒಂದು ಕಾಫಿಗೆ ಇಡೀ ಪೇಪರ್ ಓದ್ತಾರೆ ಮಾರಾಯ್ರೆ" ಎಂದರು. ನಾನು ಆ ಸ್ಟೂಲಿನ ಫೋಟೊವನ್ನೂ ತೆಗೆದುಕೊಂಡೆ.

ನನ್ನ ಹೆಂಡತಿ ಗಿರಿಜಾ ಇದನ್ನು ಸಹಿಸಿಕೊಂಡು ಬಂದಿದ್ದಾಳೆ ಎಂದು ಹೇಳಿದರೆ ತಪ್ಪು ವರದಿಯಾಗುತ್ತದೆ. ಆಕೆ ವಿಜಾಪುರದವಳು. ಸಿಕ್ಕವರ ಮುಂದೆಲ್ಲ, "ಗೋಲಗುಮ್ಮಟ ತೋರ್ಸಾಕ ಕರ್ಕೊಂಡು ಹೋದ್ರ ಇವರು ಚಪ್ಲಿ ಇಡೋ ಕಪಾಟದ ಮುಂದ ನಿಂತಿದ್ರು ನೋಡ್ರಿ" ಎನ್ನುತ್ತಾಳೆ. ನಿಂತಿದ್ದದ್ದು ನಿಜ. ಕಪಾಟೂ ಚೆನ್ನಾಗಿತ್ತು.

ಇಂದಾಪುರಕ್ಕೆ ನಾವು ಹೋದದ್ದು ಮದುವೆಗೆ. ಗಿರಿಜಾಳ ತಮ್ಮನ ಮಗಳು ಪಲ್ಲವಿಯನ್ನು ಅಲ್ಲಿಯ ಒಂದು ಕನ್ನಡ ಮನೆತನಕ್ಕೆ ಕೊಟ್ಟೆವು. ಸೋಲಾಪುರದ ಹೆದ್ದಾರಿಗೆ ಹತ್ತಿರದಲ್ಲೇ ಬೀಗರ ಮನೆ, ಸುತ್ತ ಕಬ್ಬು. ಹೆಣ್ಣಿನ ಕಡೆಯವರು ಇಳಿದುಕೊಳ್ಳಲು ಬೀಗರೇ ಒಂದು ಹಳೆಯ ಲಾಡ್ಜನ್ನು ಗೊತ್ತು ಮಾಡಿದ್ದರು. ಬಚ್ಚಲು ಕೋಣೆಯೊಳಗಿಲ್ಲ, ಪಡಸಾಲೆಯ ತುದಿಗೆ ಎಲ್ಲರಿಗೂ ಸೇರಿ. ಲಾಡ್ಜಿನ ಮರಾಠಿ ಮಾಲೀಕರು ನನ್ನ ಕೈಗೆ ಹನ್ನೊಂದನೇ ಕೋಣೆಯ ಕೀಲಿಕೈ ಅಂತ ಇಟ್ಟದ್ದು ಒಂದು ಲಟ್ಟಣಿಗೆ. ಅದರ ಹಿಡಿಕೆಗೆ ತೂತು ಕೊರೆದು, ದಾರ ಪೋಣಿಸಿ, ದಾರಕ್ಕೆ ಕೀಲಿಕೈ ಕಟ್ಟಿದ್ದರು. ಗೋಡೆಯ ಮೇಲೆ ಇಂಥವೇ ಸಾಲಾಗಿ ನೇತಾಡುತ್ತಿದ್ದವು. ಗಿರಿಜಾ ಆಗಲೇ ಹೆಂಗಸರೊಡನೆ ಬೀಗರ ಮನೆ ಸೇರಿದ್ದಳು, ಕೋಣೆಯ ಬೀಗ ಹಾಕಿ ತೆಗೆಯುವುದು ಕೊನೆಯವರೆಗೂ ನನ್ನ ಪಾಲಿಗೇ ಉಳಿಯಿತು.

ನನಗಾದ ಸಂತೋಷವನ್ನು ಬಣ್ಣಿಸಲಾರೆ. ಮಾಲೀಕರು ತಾವಾಗಿಯೇ ವಿವರಿಸಿದರು. ಮೊದಲು ಹಿತ್ತಾಳೆಯ ಬಿಲ್ಲೆ ಕಟ್ಟಿದ್ದರಂತೆ. ಗಿರಾಕಿಗಳು ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋಗಿಬಿಡುತ್ತಿದ್ದರು. ಲಟ್ಟಣಿಗೆ ಜೇಬಿಗೆ ಹಿಡಿಯುವುದಿಲ್ಲ. ಕೈಯಲ್ಲಿ ಹಿಡಿದು ಪೇಟೆಗೆ ಹೋಗಲು ಮರ್ಯಾದಸ್ಥರಿಗೆ ನಾಚಿಕೆ. ಹಾಗಾಗಿ ಕೋಣೆಯಿಂದ ಹೊರಬಿದ್ದವರು ತಾವೇ ಓಡಿಬಂದು ಕೌಂಟರಿನ ಮೇಲೆ ಇಟ್ಟು ಹೋಗುತ್ತಾರೆ. ಕಾವಲುಗಾರನ ಕೆಲಸವನ್ನು ನಾಚಿಕೆಗೇ ವಹಿಸಿಕೊಟ್ಟ ಆ ಬುದ್ಧಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಮದುವೆಯ ಮರುದಿನ ಶನಿವಾರ ಬೆಳಿಗ್ಗೆ, ಹೊರಡುವ ಮುಂಚೆ, ಅದನ್ನು ಹಾಸಿಗೆಯ ಮೇಲಿಟ್ಟು ಹಲವು ಕೋನಗಳಿಂದ ಫೋಟೊ ತೆಗೆದೆ.

"ಮದವಿ ಮನಿಯಾಗ ಮದಿಮಗಳ ಫೋಟೊ ಒಂದ ತಗಿಲಿಲ್ಲ" ಎಂದಳು ಗಿರಿಜಾ, ಸೀರೆ ಮಡಿಚುತ್ತ. "ಲಟ್ಟಣಗಿಗೆ ಏನ್ ವರಾ ನೋಡಾಕತ್ತೀರೇನು?"

ಕೆಳಗೆ ಗಾಡಿಯವನು ಹಾರ್ನ್ ಬಾರಿಸುತ್ತಿದ್ದ. ನಾನು ಇಳಿದುಹೋದೆ. ಆಕೆ ಹಿಂದಿನಿಂದ ಚೀಲ ಕಟ್ಟಿಕೊಂಡು ಬಂದಳು. ಕೋಣೆಯ ಬಾಗಿಲನ್ನು ಬರೀ ಎಳೆದುಕೊಂಡಿದ್ದೆವು. ಬೀಗ ಚಿಲಕಕ್ಕೆ ತೆರೆದೇ ನೇತಾಡುತ್ತಿತ್ತು. ಬಾಡಿಗೆಯ ಲೆಕ್ಕ ಬೀಗರದ್ದಾದ್ದರಿಂದ ಕೌಂಟರಿನಲ್ಲಿ ನಮ್ಮನ್ನು ಯಾರೂ ತಡೆಯಲಿಲ್ಲ.

ಭಾನುವಾರ ಮಧ್ಯಾಹ್ನದ ಊಟಕ್ಕೆ ಗಿರಿಜಾ ಮಾಡಿದ ಚಪಾತಿ ಎಂದಿಗಿಂತ ತೆಳ್ಳಗಿತ್ತು. ಹಾಗೆಂದು ಹೇಳಿದೆ. ಆಕೆಗೆ ಖುಷಿಯಾಯಿತು. "ಬೀಗರು ಕೊಟ್ಟ ಲಟ್ಟಣಗಿರೀ. ಎಷ್ಟ್ ಹಗೂರ ಓಡ್ತದ! ಉಳಿದ ಬೀಗರು ಸ್ಟೀಲ್ ಡಬ್ಬಿ ಕೊಟ್ಟು ಕೈ ತೊಳಕೋತಾರ, ಇವರು ವಿಚಾರ ಮಾಡಿ ಕೊಟ್ಟಾರ" ಎಂದಳು. ನನ್ನ ತುತ್ತು ಅಲ್ಲೇ ನಿಂತಿತು. ಅಷ್ಟರಲ್ಲಿ ಆಕೆಯ ಫೋನು ಹೊಡೆದುಕೊಂಡಿತು. ಪಲ್ಲವಿ. ಮದುವೆಯಾದ ಮೇಲೆ ಹುಡುಗಿಯ ಮೊದಲ ಫೋನು. ಗಿರಿಜಾ ಕಣ್ಣೊರೆಸಿಕೊಳ್ಳಲು ಸೆರಗನ್ನು ಮೊದಲೇ ಕೈಗೆ ತೆಗೆದುಕೊಂಡು, ಸ್ಪೀಕರ್ ಹಾಕಿದಳು.

"ಅತ್ತೀ, ಸಾವಕಾಶ ಮಾತಾಡ್ರಿ, ಎಲ್ಲಾರೂ ಬಾಜೂಕ ಅದಾರ. ನೀವು ಇಲ್ಲಿಂದ ಒಂದು ಲಟ್ಟಣಗಿ ಏನರ ತೊಗೊಂಡು ಹೋಗೀರೇನು?"

"ಮತ್ತ! ನಿಮ್ಮ ಮನಿಯವ್ರು ಆಯೇರಿ ಮಾಡಿದ್ದು ಬಿಟ್ಟು ಬರ್ತೀನೇನವಾ? ಭಾಳ ಛಲೋ ಅದ ಅಂತ ನಿಮ್ಮ ಅತ್ತಿಯವರಿಗೆ ಹೇಳು."

"ಅತ್ತೀ, ಅದು ಆಯೇರಿ ಅಲ್ಲರಿ. ಅದು ಚಾವಿ."

"ಲಟ್ಟಣಗಿ ಹ್ಯಾಂಗ ಚಾವಿ ಆಗ್ತದ?"

ಪಲ್ಲವಿ ಪಿಸುಮಾತಿನಲ್ಲಿ ಹೇಳಿದ್ದರ ಸಾರಾಂಶ ಇಷ್ಟು. ನಾವು ಬಿಟ್ಟ ಕೋಣೆಗೆ ಶನಿವಾರವೇ ಗಂಡಿನ ಸೋದರಮಾವ ಬಂದು ಇಳಿದಿದ್ದರು. ಇವರು ದೌಂಡದವರು, ರೈಲ್ವೆಯಲ್ಲಿ ಇದ್ದು ನಿವೃತ್ತರಾದವರು, ಮದುವೆಯಲ್ಲಿ ತಮ್ಮನ್ನು ಯಾರು ಯಾವಾಗ ಮಾತಾಡಿಸಲಿಲ್ಲ ಎಂಬುದನ್ನು ಮರೆಯದವರು. ಅವರ ಮುಖ ನೋಡಿಕೊಂಡೇ ಆ ಮನೆಯಲ್ಲಿ ಎಲ್ಲ ಕೆಲಸ. ಕೀಲಿಕೈ ಸಿಗುತ್ತಿಲ್ಲ, ಹುಡುಕಿಸುತ್ತೇನೆ, ಅಲ್ಲಿಯವರೆಗೆ ಬೀಗ ಒತ್ತಬೇಡಿ ಎಂದು ಮಾಲೀಕರು ಅವರಿಗೆ ಹೇಳಿದ್ದರು. ಅದು ಕೀಲಿಕೈ ಇಲ್ಲದೆ ಬರೀ ಒತ್ತಿದರೂ ಹಾಕಿಕೊಳ್ಳುವ ಬೀಗ. ಭಾನುವಾರ ಬೆಳಿಗ್ಗೆ ಬೀಗರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಮಾವನವರು ಟಾವೆಲ್ ಸುತ್ತಿಕೊಂಡು ಪಡಸಾಲೆಯ ತುದಿಯ ಬಚ್ಚಲಿಗೆ ಸ್ನಾನಕ್ಕೆ ಹೋದರು. ಅವರ ಹೆಂಡತಿ, ಒಳಗೆ ಬಂಗಾರವಿದೆಯಲ್ಲ ಎಂಬ ಕಾಳಜಿಯಿಂದ, ಬೀಗ ಒತ್ತಿ ಪೂಜೆಗೆ ಹೋದರು. ಸ್ನಾನ ಮಾಡಿ ಬಂದ ಮಾವನವರು ಲಾಡ್ಜಿನ ಪಡಸಾಲೆಯಲ್ಲಿ ಟಾವೆಲಿನಲ್ಲಿ ನಿಂತುಕೊಂಡರು. ಬೀಗ ಕೊಯ್ಯುವವನು ಬಂದು ಕೊಯ್ಯುವವರೆಗೂ ನಿಂತಿದ್ದರು. ಪೂಜೆಯೂ ನಿಂತಿತ್ತು.

"ಈಗ ಧೋತರ ಉಟ್ಟು ಬಂದು ಕೂತಾರ. ಮಾತ ಆಡವಲ್ಲರು. ಪುಣೆಯ ಬೀಗರು ಲಟ್ಟಣಗಿನೂ ಬಿಡಲಿಲ್ಲ ಅಂತ ಯಾರೋ ಅಂದ್ರು ಅತ್ತೀ. ನಾ ಪ್ರಸಾದ ಹಂಚಕೋತ ಕೇಳಿಸ್ಕೊಂಡೆ."

ಫೋನು ಇಟ್ಟ ಮೇಲೆ ಗಿರಿಜಾ ಊಟದ ತಾಟನ್ನು ಆಚೆ ಸರಿಸಿದಳು. ತಮಾಷೆಯ ಪ್ರಸಂಗವಾದರೂ ಆಕೆಗೆ ನಗು ಬರಲಿಲ್ಲ. ಹುಡುಗಿ ಆ ಮನೆಯ ಹೊಸ್ತಿಲು ದಾಟಿ ಎರಡು ದಿನವಾಗಿಲ್ಲ, ಅಷ್ಟರಲ್ಲಿ ತವರಿಗೆ ಕೆಟ್ಟ ಹೆಸರು ಬಂದಾಯಿತು, ಅದೂ ಲಟ್ಟಣಿಗೆಯಿಂದ. "ಇನ್ನ ಅಕಿ ಅಲ್ಲಿ ಚಪಾತಿ ಲಟ್ಟಸಾಕ ಕುಂತಾಗೆಲ್ಲ ಇದ ಮಾತು ತಗೀತಾರ" ಎಂದಳು. ನಾಳೆಯೇ ಹೋಗಿ ಎರಡನ್ನೂ ಮುಟ್ಟಿಸಿ ಬನ್ನಿ ಎಂದು ನನಗೆ ಅಪ್ಪಣೆಯಾಯಿತು.

ಲಟ್ಟಣಿಗೆ ಕೈಯಲ್ಲೇ ಇತ್ತು. ಕೀಲಿಕೈ ಎಲ್ಲಿ? ಬೀಗರು ಉಡುಗೊರೆ ಕೊಟ್ಟ ಟಾವೆಲಿನಲ್ಲೇ ಲಟ್ಟಣಿಗೆ ಸುತ್ತಿಕೊಂಡು ಬಂದಿದ್ದೆ, ಬಿಚ್ಚಿದಾಗ ಅದಕ್ಕೊಂದು ಕೀಲಿಕೈ ತೊಡರಿಕೊಂಡಿತ್ತು, ಸೂಟ್‌ಕೇಸಿನದಿರಬೇಕು ಎಂದು ದಾರ ಕತ್ತರಿಸಿ ಡಬ್ಬಿಗೆ ಹಾಕಿದೆ ಎಂದಳು ಗಿರಿಜಾ. ಈ ಡಬ್ಬಿ ಎಲ್ಲ ಮನೆಗಳಲ್ಲೂ ಇರುತ್ತದೆ. ಎಂದೋ ಕಳೆದ ಬೀಗಗಳ, ಮಾರಿದ ಸ್ಕೂಟರುಗಳ, ಬಿಟ್ಟುಬಂದ ಬಾಡಿಗೆ ಮನೆಗಳ ಕೀಲಿಕೈಗಳನ್ನು ನಾವು ಎಸೆಯುವುದಿಲ್ಲ. ಡಬ್ಬಿಯನ್ನು ನೆಲದ ಮೇಲೆ ಸುರಿದಾಗ ಸಣ್ಣ ರಾಶಿಯೇ ಆಯಿತು. ಇದರಲ್ಲಿ ಇಂದಾಪುರದ್ದು ಯಾವುದು?

ಆಗ ನಾನು ಸ್ವಲ್ಪ ಗಂಭೀರವಾಗಿಯೇ ಫೋನು ತೆಗೆದೆ. ಇಷ್ಟು ವರ್ಷ ಎಲ್ಲರೂ ಆಡಿಕೊಂಡ ನನ್ನ ಚಟ ಕೊನೆಗೂ ಉಪಯೋಗಕ್ಕೆ ಬಂದಿತ್ತು. ಫೋಟೊದಲ್ಲಿ ಲಟ್ಟಣಿಗೆ, ದಾರ, ದಾರದ ತುದಿಗೆ ಕೀಲಿಕೈ, ಹಲ್ಲುಗಳ ಸಮೇತ ಸ್ಪಷ್ಟವಾಗಿತ್ತು. ಫೋಟೊ ನೋಡಿಕೊಂಡು ರಾಶಿಯಿಂದ ಅದನ್ನು ಹೆಕ್ಕಿ ತೆಗೆದೆ. ಗಿರಿಜಾಳ ಮುಖದಲ್ಲಿ ಒಂದು ಕ್ಷಣ ಗೌರವ ಕಾಣಿಸಿತು. ಅಲ್ಲಿಗೆ ಫೋನು ಮುಚ್ಚಬೇಕಾಗಿತ್ತು. ನಾನು ಉತ್ಸಾಹದಲ್ಲಿ, ಇನ್ನೊಂದು ಕೋನದಿಂದಲೂ ತೆಗೆದಿದ್ದೇನೆ ನೋಡು ಎಂದು ಮುಂದಿನ ಫೋಟೊಗೆ ಸರಿಸಿದೆ.

ಮುಂದಿನ ಫೋಟೊದಲ್ಲಿ ಲಟ್ಟಣಿಗೆ ಬಿಳಿಯ ಟಾವೆಲಿನ ಮೇಲೆ ಮಲಗಿತ್ತು. ಬೀಗರು ನನಗೆ ಟೋಪಿಯ ಜೊತೆ ಆಯೇರಿ ಮಾಡಿದ್ದ ಟಾವೆಲ್ ಅದು. ಬಿಳಿಯ ಹಿನ್ನೆಲೆಯಲ್ಲಿ ಮರದ ಬಣ್ಣ ಎದ್ದು ಕಾಣಲೆಂದು ನಾನೇ ಹಾಸಿದ್ದೆ. ಕಿಟಕಿಯ ಬೆಳಕಿಗೆ ಕೀಲಿಕೈ ಮಿಂಚಿ ಫೋಟೊ ಕೆಡುತ್ತಿದ್ದುದರಿಂದ ಅದನ್ನು ಟಾವೆಲಿನ ಮಡಿಕೆಯೊಳಗೆ ಸೇರಿಸಿದ್ದೆ. ಚಿತ್ರದ ಅಂಚಿನಲ್ಲಿ, ಹಾಗೆ ಸೇರಿಸುತ್ತಿರುವ ಬೆರಳು ಮತ್ತು ಬೆರಳಿನಲ್ಲಿ ನನ್ನ ಉಂಗುರ ಬಂದಿದ್ದವು. ಆಯೇರಿಯ ಟಾವೆಲಿನ ಮೇಲೆ ಒಪ್ಪವಾಗಿ ಇಟ್ಟ ಲಟ್ಟಣಿಗೆಯನ್ನು ನೋಡಿ ಯಾವ ಗೃಹಿಣಿಯಾದರೂ ಏನೆಂದುಕೊಳ್ಳಬೇಕು? ಗಿರಿಜಾ ಫೋಟೊವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ಉಂಗುರವನ್ನು ನೋಡಿದಳು. ಆಮೇಲೆ ಫೋಟೊವನ್ನು ಪಲ್ಲವಿಗೆ ಕಳಿಸಿದಳು.

ಲಾಡ್ಜಿನ ಮಾಲೀಕರ ಲೆಕ್ಕ ಎಲ್ಲಿ ತಪ್ಪಿತೆಂದು ಮರುದಿನ ಬಸ್ಸಿನಲ್ಲಿ ಯೋಚಿಸಿದೆ. ಲಟ್ಟಣಿಗೆ ಲಾಡ್ಜಿನಲ್ಲಿ ವಿಚಿತ್ರ. ರಸ್ತೆಯಲ್ಲಿ ಇನ್ನೂ ವಿಚಿತ್ರ. ಆದರೆ ಸೀರೆ, ಕುಪ್ಪಸ, ಸ್ಟೀಲ್ ಡಬ್ಬಿಗಳಿರುವ ಮದುವೆಯ ಚೀಲದಲ್ಲಿ ಅದರಷ್ಟು ಸಹಜವಾದ ವಸ್ತು ಬೇರೊಂದಿಲ್ಲ. ಅವರು ಗಂಡಸರ ಜೇಬನ್ನು ಮಾತ್ರ ಅಳೆದಿದ್ದರು. ಆದರೂ ಅವರ ಮೂಲ ಸಿದ್ಧಾಂತ ಎಷ್ಟು ಗಟ್ಟಿಯೆಂಬುದು ನನಗೆ ಆ ಪ್ರಯಾಣದಲ್ಲೇ ತಿಳಿಯಿತು. ಲಟ್ಟಣಿಗೆ ನನ್ನ ಕೈಚೀಲಕ್ಕೆ ಹಿಡಿಯದೆ ತಲೆ ಹೊರಗೆ ಹಾಕಿತ್ತು. ಪಕ್ಕದಲ್ಲಿ ಕೂತ ಅಜ್ಜಿ ಅದನ್ನೂ ನನ್ನನ್ನೂ ನೋಡಿ, ಮನೆಯಲ್ಲಿ ಬಿಟ್ಟುಬಂದರೆ ಹೆಂಡತಿ ಕೈಗೆ ಸಿಗುತ್ತದೆ ಅಂತ ಹೊತ್ತುಕೊಂಡು ಹೊರಟಿರೇನು ಎಂದು ಮರಾಠಿಯಲ್ಲಿ ಕೇಳಿದಳು. ಹಿಂದಿನ ಸೀಟಿನವರು ನಕ್ಕರು. ಕಂಡಕ್ಟರು ಟಿಕೆಟ್ ಕೊಡುವಾಗ ಒಂದೋ ಎರಡೋ ಎಂದು ಕೇಳಿದ.

ಲಾಡ್ಜಿನ ಮಾಲೀಕರು ನನ್ನನ್ನು ಕಂಡದ್ದೇ "ಕಾಕಾ, ಲಾಟಣಂ ಆಣಲಂತ್ ಕಾ?" ಎಂದು ದೊಡ್ಡ ದನಿಯಲ್ಲಿ, ಲಟ್ಟಣಿಗೆ ತಂದಿರಾ ಎಂದು ಕೇಳುತ್ತಲೇ, ಸ್ವಾಗತಿಸಿದರು. ಜೇಬಿನಲ್ಲಿದ್ದದ್ದನ್ನೆಲ್ಲ ಕೌಂಟರಿನ ಮೇಲೆ ಸುರಿದು, ಅವರ ಕೀಲಿಕೈಯನ್ನೂ ಲಟ್ಟಣಿಗೆಯನ್ನೂ ಒಪ್ಪಿಸಿ ಕ್ಷಮೆ ಕೇಳಿದೆ. ಅವರಿಗೆ ಬೇಸರವಿರಲಿಲ್ಲ. ಇದರಿಂದ ತಮಗೊಂದು ಪಾಠವಾಯಿತೆಂದು ಗೋಡೆ ತೋರಿಸಿದರು. ಹನ್ನೊಂದನೇ ಕೋಣೆಗೆ ಹೊಸ ಬೀಗ ಬಂದಿತ್ತು. ಅದರ ಕೀಲಿಕೈಗೆ ಎತ್ತಿನ ಕೊರಳಿನ ಗಂಟೆ ಕಟ್ಟಿದ್ದರು. ಇನ್ನು ಮೇಲೆ ಯಾರು ಯಾವ ಚೀಲದಲ್ಲಿ ಸುತ್ತಿಕೊಂಡು ಹೋದರೂ ಮೆಟ್ಟಿಲ ಮೇಲೇ ಗೊತ್ತಾಗುತ್ತದೆ! ಒಮ್ಮೆ ಅಲ್ಲಾಡಿಸಿಯೂ ತೋರಿಸಿದರು. ಒಳಗೆಲ್ಲೋ ಒಬ್ಬರು ಊಟಕ್ಕೆ ಕರೆದರೆಂದು ತಿಳಿದು ಹೊರಗೆ ಬಂದರು. ನಾನು ಮೈಮರೆತು ಹಲವು ಕೋನಗಳಿಂದ ಫೋಟೊ ತೆಗೆದೆ. ಬಸ್ಸಿನ ಹೊತ್ತಾಯಿತೆಂದು ಓಡಿದೆ.

ಯೆರವಡಾ ತಲುಪಿ ನಮ್ಮ ಮನೆಯ ಬಾಗಿಲ ಮುಂದೆ ಜೇಬು ತಡವಿಕೊಳ್ಳುತ್ತಿದ್ದಾಗ ಫೋನು ಬಂತು. ಲಾಡ್ಜಿನ ಮಾಲೀಕರು. ಕೌಂಟರಿನ ಮೇಲೆ ಒಂದು ಕೀಲಿಕೈ ಹೆಚ್ಚಿಗೆ ಉಳಿದಿದೆ, ತಮ್ಮ ಯಾವ ಕೋಣೆಗೂ ಹತ್ತುತ್ತಿಲ್ಲ ಎಂದರು. ಬಾಗಿಲು ತೆರೆದ ಗಿರಿಜಾ ಸಂಭಾಷಣೆಯನ್ನು ಪೂರ್ತಿ ಕೇಳಿಸಿಕೊಂಡಳು.

ಮರುವಾರ ಪಲ್ಲವಿ, ಗಂಡನೊಡನೆ ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದಳು. ಕೈಯಲ್ಲಿ ಜರಿಯ ಕಾಗದದಲ್ಲಿ ಸುತ್ತಿದ ಉದ್ದನೆಯ ಪೊಟ್ಟಣ. ಬಿಚ್ಚಿದರೆ ಅದೇ ಲಟ್ಟಣಿಗೆ, ಹಿಡಿಕೆಗೆ ಹೊಸ ದಾರ, ದಾರದ ತುದಿಗೆ ನನ್ನ ಮನೆಯ ಕೀಲಿಕೈ.

"ಲಾಡ್ಜಿನವರು ನಮ್ಮ ಮಾವಾರ ಕಡೆ ಕೊಟ್ಟಿದ್ರು" ಎಂದಳು ಪಲ್ಲವಿ. "ದಾರ ಕಟ್ಟಿದ್ದು ದೌಂಡದ ಮಾಮಾ. ಈ ಮಾಮಾರ ಉಂಗುರದ ಫೋಟೊ ನೋಡಿದಾಗಿಂದ ಅವರಿಗೆ ನಗೂನ ನಿಂದ್ರವಲ್ದು. ಬಂದವರಿಗೆಲ್ಲ ತಾವ ಟಾವೆಲ್ ಕಥಿ ಹೇಳ್ತಾರ. ನಿಮ್ಮ ಪುಣೆಯ ಅತ್ತೀಗೆ ಹೇಳು, ಈ ಸಲ ಇದು ಖರೇನ ಆಯೇರಿ, ಯಾರಿಗೂ ಹೆದರದ ಲಟ್ಟಸ್ಲಿ ಅಂದಾರ."

ಗಿರಿಜಾ ಅವತ್ತು ಬಹಳ ದಿನಗಳ ಮೇಲೆ ಬಾಯ್ತುಂಬ ನಕ್ಕಳು. ಲಟ್ಟಣಿಗೆಯನ್ನು ಕಣ್ಣಿಗೊತ್ತಿಕೊಂಡಳು. ನಾನು ದಾರ ಬಿಚ್ಚಲು ಕತ್ತರಿ ತಂದಾಗ, "ಅದನ್ನ ಹಂಗ ಬಿಡ್ರಿ. ಹೊರಗ ಹೋಗೂವಾಗ ಹಿಂಗ ಹಿಡ್ಕೊಂಡು ಹೋಗ್ರಿ. ಕಳಿಯೂದಿಲ್ಲ" ಎಂದಳು.

ಕೀಲಿಕೈ ಇದುವರೆಗೆ ಕಳೆದಿಲ್ಲ. ಈಗ ಸಂಜೆ. ವಾಕಿಂಗಿಗೆ ಹೊರಡಲು ಬೂಟು ಹಾಕಿಕೊಂಡು ಕೂತಿದ್ದೇನೆ. ಒಳಗೆ ಗಿರಿಜಾ ಇನ್ನೂ ಚಪಾತಿ ಲಟ್ಟಿಸುತ್ತಿದ್ದಾಳೆ.